ಬಡಾವಣೆಯ ಹುಡುಗರ ಹೊಡೆದಾಟಕ್ಕೆ ನಾಟಕ, ತಮಟೆ, ಚಿತ್ರಕಲೆಯ ತರಬೇತಿ ಉತ್ತರವಾದೀತೇ? (ದಾವಣಗೆರೆ – ಚಿತ್ರದುರ್ಗ)

ಗಿರಣಿ ಓಣಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಅನುಭವಸ್ಥರ ಮಾತು ಕೇಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಹದಿನಾಲ್ಕರಿಂದ ಹದಿನೇಳು ವರ್ಷದ ಹುಡುಗರು ಎರಡು ಓಣಿಗಳ ಹೆಸರಿನಲ್ಲಿ ಎರಡು ಗುಂಪಾಗಿದ್ದಾರೆ. ಕೆಲವರು ಎಂಟನೆಯ ತರಗತಿ ಮುಗಿಯುತ್ತಿದ್ದಂತೆ ಶಾಲೆ ಬಿಟ್ಟವರು, ಕೆಲವರು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಮನೆಯಲ್ಲಿ ಉಳಿದವರು, ಇನ್ನು ಕೆಲವರು ಗ್ಯಾರೇಜಿಗೋ ಮಂಡಕ್ಕಿ ಭಟ್ಟಿಗೋ ಹೋಗಿ ಸಂಜೆ ನಾಲ್ಕು ಕಾಸು ಹಿಡಿದು ಬರುವವರು. ಗಣಪತಿ ಬಿಡುವ ಮೆರವಣಿಗೆಯಲ್ಲಿ ಡಿಜೆ ಮುಂದೆ ಕುಣಿಯುವಾಗ ಒಬ್ಬನ ಕಾಲನ್ನು ಇನ್ನೊಬ್ಬ ತುಳಿದನೆಂಬ ನೆಪದಿಂದ ಹತ್ತಿಕೊಂಡ ಜಗಳ ಈಗ ಮೊಬೈಲಿಗೆ ಏರಿದೆ. ಮಚ್ಚು ಹಿಡಿದು ನಿಂತ ರೀಲ್ಸ್ ಹಾಕುವುದು, ಎದುರು ಗುಂಪಿನವರು ಅದಕ್ಕೆ ಉತ್ತರ ಕೊಡುವುದು, ಆಮೇಲೆ ರಾತ್ರಿ ಬೈಕಿನಲ್ಲಿ ಬಂದು ಕಲ್ಲು ತೂರುವುದು ಎಲ್ಲವೂ ನಡೆದಿದೆ.

ಸಭೆಯಲ್ಲಿ ಎರಡು ಅಭಿಪ್ರಾಯ ಬಂದವು. ಹುಡುಗರನ್ನು ಠಾಣೆಗೆ ಕರೆಸಿ, ಸಾಧ್ಯವಾದರೆ ಜೈಲನ್ನೂ ತೋರಿಸಿ ಹೆದರಿಸಬೇಕು ಎನ್ನುವುದು ಹಿರಿಯರ ಮಾತು. ಸಂಜೆ ಶಾಲೆಯ ಒಂದು ಕೊಠಡಿ ತೆರೆದು ಬೀದಿನಾಟಕ, ತಮಟೆ, ಗೋಡೆ ಚಿತ್ರ ಕಲಿಸೋಣ ಎನ್ನುವುದು ನಮ್ಮ ಕೆಲವರ ಮಾತು. ನನ್ನ ಮನಸ್ಸು ಎರಡನೆಯದರ ಕಡೆಗಿದೆ. ಆದರೆ "ಮಚ್ಚು ಹಿಡಿದ ಕೈಗೆ ತಮಟೆ ಕೊಟ್ಟರೆ ಹುಡುಗ ಬದಲಾಗುತ್ತಾನೇನಮ್ಮ?" ಎಂದು ಹಿರಿಯರೊಬ್ಬರು ಕೇಳಿದಾಗ ಸಭೆಯಲ್ಲಿ ಯಾರೂ ನೇರವಾಗಿ ಉತ್ತರಿಸಲಿಲ್ಲ. ಇಂಥದ್ದನ್ನು ಮಾಡಿ ನೋಡಿದವರು, ಹತ್ತಿರದಿಂದ ಕಂಡವರು ದಯವಿಟ್ಟು ಬರೆಯಿರಿ.

ಮಂಡಿಪೇಟೆ ವರ್ತಕ

ಹಿರಿಯರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಭಯವಿಲ್ಲದ ಕಡೆ ಶಿಸ್ತು ಬರುವುದಿಲ್ಲ.

ಚಳ್ಳಕೆರೆ ಮೇಷ್ಟ್ರು

ತಾಯಿ, ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಮೊದಲು ಹೊತ್ತಿನ ವಿಷಯ ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಶಾಲೆಗೆ ಹೋಗುವ ಹುಡುಗನಿಗೆ ಸಂಜೆ ನಾಲ್ಕೂವರೆಯಿಂದ ಅಪ್ಪ ಅಮ್ಮ ಕೆಲಸ ಮುಗಿಸಿ ಬರುವ ತನಕ ಕೇಳುವವರಿಲ್ಲ. ಶಾಲೆ ಬಿಟ್ಟವನಿಗೆ ಕೆಲಸ ಬಿಟ್ಟ ಮೇಲಿನ ಹೊತ್ತೆಲ್ಲ ಹಾಗೆಯೇ. ಕಟ್ಟೆ, ಪಾನ್ ಅಂಗಡಿ, ಪಾಳು ಕಟ್ಟಡ, ಮೊಬೈಲು ಇವಿಷ್ಟೇ ಅವನ ಪಾಲಿಗೆ ಉಳಿಯುತ್ತವೆ. ಅಮೆರಿಕದಲ್ಲಿ ಶಾಲಾ ದಿನಗಳಂದು ಅಪ್ರಾಪ್ತ ವಯಸ್ಕರ ಹಿಂಸಾಕೃತ್ಯಗಳು ಶಾಲೆ ಬಿಡುವ ಮೂರು ಗಂಟೆಯ ಸುಮಾರಿಗೆ ಅತಿ ಹೆಚ್ಚಾಗಿ ನಡೆಯುತ್ತವೆಂದು ಅಲ್ಲಿನ ಪೊಲೀಸ್ ದಾಖಲೆಗಳು ಬಹಳ ಹಿಂದೆಯೇ ತೋರಿಸಿವೆ. ಊರು ಬೇರೆಯಾದರೂ ಹದಿಹರೆಯ ಒಂದೇ.

ಆದುದರಿಂದ ನೀವು ಭಾನುವಾರ ಬೆಳಿಗ್ಗೆ ಹತ್ತಕ್ಕೆ ತರಬೇತಿ ಇಟ್ಟರೆ, ಮನೆಯಲ್ಲಿ ಶಿಸ್ತಿರುವ ಮಕ್ಕಳು ಬರುತ್ತಾರೆ, ಬರಬೇಕಾದವರು ಮಲಗಿರುತ್ತಾರೆ. ಬೇಸಿಗೆ ಶಿಬಿರಗಳಲ್ಲೂ ಆಗುವುದು ಇದೇ. ಹದಿನೈದು ದಿನ ಬಣ್ಣ ಬಳಿದು, ಕೊನೆಯ ದಿನ ಅತಿಥಿಗಳಿಂದ ಪ್ರಮಾಣಪತ್ರ ಕೊಡಿಸಿ, ಜೂನ್ ಒಂದರಿಂದ ಬೀಗ ಹಾಕುತ್ತಾರೆ. ಜಗಳ ಗಣಪತಿ ಹಬ್ಬದ್ದು, ಶಿಬಿರ ಏಪ್ರಿಲ್ ತಿಂಗಳದ್ದು. ವರ್ಷವಿಡೀ, ವಾರಕ್ಕೆ ಮೂರು ನಾಲ್ಕು ಸಂಜೆಯಾದರೂ ಬಾಗಿಲು ತೆರೆದಿರಬೇಕು, ಅದನ್ನು ತೆರೆಯುವವರೂ ಅದೇ ಒಬ್ಬರಾಗಿರಬೇಕು.

ಇನ್ನೊಂದು ಮಾತು. ಫೇಲಾದ ಹುಡುಗನನ್ನು ದಡ್ಡನೆಂದು ಲೆಕ್ಕ ಹಾಕಬೇಡಿ. ನಮ್ಮ ತಾಲ್ಲೂಕಿನ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿ ಶಾಲೆಯ ಮುಖ ಕಂಡವರಲ್ಲ. ಅವರ ನೆನಪಿನಲ್ಲಿದ್ದ ಪದಗಳನ್ನು ಬರೆದುಕೊಳ್ಳಲು ವಿದ್ವಾಂಸರು ಹಟ್ಟಿಗೆ ಬಂದು ಕೂತರು. ಕನ್ನಡದ ಪದ್ಯ ಬಾಯಿಗೆ ಬಾರದೆ ಹೊಡೆತ ತಿಂದ ಹುಡುಗರು ಊರಿನ ಬಯಲಾಟದಲ್ಲಿ ಪುಟಗಟ್ಟಲೆ ಮಾತು ಒಪ್ಪಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹುಡುಗರ ನಡಿಗೆಯೇ ಮರುದಿನದಿಂದ ಬೇರೆಯಾಗಿರುತ್ತಿತ್ತು.

ಕಾನೂನಿನ ಅಕ್ಕ, ಚಿತ್ರದುರ್ಗ

ಠಾಣೆಗೆ ಕರೆಸಿ ಹೆದರಿಸುವ ಮಾತು ಬಂದಿದ್ದರಿಂದ ಕಾನೂನಿನ ನಿಲುವನ್ನು ಹೇಳಿಬಿಡುತ್ತೇನೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಜೈಲಿಗೆ ಕಳುಹಿಸುವಂತಿಲ್ಲ. ಪ್ರತಿ ಠಾಣೆಯಲ್ಲಿ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಹುಡುಗರ ವಿಷಯವನ್ನು ಅವರೇ ನೋಡಬೇಕು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಕನಿಷ್ಠ ಶಿಕ್ಷೆಯಿರುವ ಘೋರ ಅಪರಾಧವಾಗಿದ್ದು, ಹುಡುಗನಿಗೆ ಹದಿನಾರು ತುಂಬಿದ್ದರೆ, ಬಾಲನ್ಯಾಯ ಮಂಡಳಿ ಪ್ರಾಥಮಿಕ ಪರಿಶೀಲನೆ ನಡೆಸಿ ಅವನನ್ನು ವಯಸ್ಕನಂತೆ ವಿಚಾರಣೆಗೆ ಒಪ್ಪಿಸಲೂಬಹುದು. ಇದನ್ನು ಹುಡುಗರಿಗೂ ತಂದೆ ತಾಯಿಗೂ ಬಿಡಿಸಿ ಹೇಳಬೇಕು. "ಹದಿನೆಂಟರೊಳಗೆ ಏನು ಮಾಡಿದರೂ ನಡೆಯುತ್ತದೆ" ಎಂದು ದೊಡ್ಡವರೇ ಅವರ ಕಿವಿ ಊದಿ ಮುಂದೆ ಬಿಡುತ್ತಾರೆ.

ನಿಮ್ಮ ಯೋಚನೆಗೆ ಇದೇ ಕಾಯ್ದೆಯಲ್ಲಿ ಆಧಾರವೂ ಇದೆ. ತಪ್ಪೆಸಗಿದ ಹುಡುಗನನ್ನು ಗುಂಪು ಸಮಾಲೋಚನೆಗೆ ಹಾಜರಾಗಲು, ಮೇಲ್ವಿಚಾರಣೆಯಲ್ಲಿ ಸಮುದಾಯ ಸೇವೆ ಮಾಡಲು, ಶಾಲೆಗೋ ವೃತ್ತಿ ತರಬೇತಿ ಕೇಂದ್ರಕ್ಕೋ ಹೋಗಲು ಮಂಡಳಿ ಆದೇಶಿಸಬಹುದು. ಊರಿನಲ್ಲಿ ನಂಬಿಕೆಗೆ ಅರ್ಹವಾದ, ನಿಯಮಿತವಾಗಿ ನಡೆಯುವ ಒಂದು ಕಲಾ ತರಬೇತಿ ಇದ್ದರೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರಿಗೆ ಹುಡುಗನನ್ನು ಎಲ್ಲಿಗೆ ಕಳುಹಿಸಬೇಕೆಂಬ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆ. ಆದರೆ ಅದೊಂದೇ ದಾರಿಯಿಂದ ಮಕ್ಕಳು ಬರುವಂತಾದರೆ ಕೊಠಡಿಗೆ "ಕೇಸಿನ ಹುಡುಗರ ಕ್ಲಾಸು" ಎಂಬ ಹೆಸರು ಬಿದ್ದು, ಮಾನವಂತರ ಮನೆಯವರು ತಮ್ಮ ಮಕ್ಕಳನ್ನು ಕಳುಹಿಸುವುದಿಲ್ಲ.

ಮಂಡಿಪೇಟೆ ವರ್ತಕ

ಕಾನೂನು ಹೇಳಿದ್ದಕ್ಕೆ ಧನ್ಯವಾದ ಮೇಡಂ. ಆದರೆ ಕಲ್ಲು ಬಿದ್ದು ಗಾಜು ಒಡೆದ ಅಂಗಡಿಯವನಿಗೆ ಸಮಾಧಾನ ಹೇಳುವವರು ಯಾರು? ಜೈಲಿಗೆ ಕಳುಹಿಸಿ ಎಂದು ನಾನೂ ಹೇಳುತ್ತಿಲ್ಲ. ಒಂದು ಸಲ ಒಳಗಿನ ಸ್ಥಿತಿ ಹೇಗಿರುತ್ತದೆಂದು ತೋರಿಸಿದರೆ ಅರ್ಧ ಹುಡುಗರು ಅಲ್ಲಿಂದಲೇ ಸರಿದಾರಿಗೆ ಬರುತ್ತಾರೆ.

ತುಂಗಭದ್ರೆ ದಡ, ಹರಿಹರ

ವರ್ತಕರೇ, ನೀವು ಹೇಳುವುದನ್ನು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ್ದಾರೆ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿಗೆ ದಾರಿ ತಪ್ಪುತ್ತಿದ್ದ ಹುಡುಗರನ್ನು ಕರೆದೊಯ್ದು, ಜೀವಾವಧಿ ಕೈದಿಗಳಿಂದ ಕೂಗಾಡಿಸಿ ಹೆದರಿಸುವ ಕಾರ್ಯಕ್ರಮ ಆರಂಭವಾಯಿತು. ಅದರ ಹೆಸರು ಸ್ಕೇರ್ಡ್ ಸ್ಟ್ರೇಟ್. ಅದು ಹಲವು ರಾಜ್ಯಗಳಿಗೆ ಹರಡಿತು. ನಂತರ ಸಂಶೋಧಕರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ಪರಿಶೀಲಿಸಿದಾಗ, ಜೈಲು ನೋಡಿ ಬಂದ ಹುಡುಗರು ನೋಡದವರಿಗಿಂತ ಹೆಚ್ಚು ಅಪರಾಧ ಮಾಡಿದ್ದು ಕಂಡುಬಂತು. ಅಂದರೆ ಏನೂ ಮಾಡದೆ ಸುಮ್ಮನಿದ್ದಿದ್ದರೂ ಅದಕ್ಕಿಂತ ವಾಸಿಯಾಗಿತ್ತು. ಹದಿನಾರರ ಹುಡುಗ ಗೆಳೆಯರ ಎದುರು ಹೆದರಿದಂತೆ ತೋರಿಸಿಕೊಳ್ಳಲಾರ. ಹೆದರಲಿಲ್ಲವೆಂದು ಸಾಬೀತು ಮಾಡಲು ಇನ್ನೊಂದು ಹೆಜ್ಜೆ ಮುಂದೆ ಇಡುತ್ತಾನೆ.

ಕಲೆಯ ಪರವಾಗಿ ಸಾಕ್ಷ್ಯ ಇದೆಯೇ ಎಂದರೆ, ಇದೆ, ಆದರೆ ನಾವು ಆಸೆಪಡುವಷ್ಟು ಸರಳವಾಗಿಲ್ಲ. ವೆನೆಜುವೆಲಾದಲ್ಲಿ 1975ರಿಂದ ಎಲ್ ಸಿಸ್ತೆಮಾ ಎಂಬ ಸಾಮೂಹಿಕ ಸಂಗೀತ ಶಿಕ್ಷಣ ನಡೆದಿದೆ. ಅಲ್ಲಿನ 16 ಕೇಂದ್ರಗಳಲ್ಲಿ 2,914 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲೇ ಪ್ರವೇಶ ಕೊಟ್ಟು, ಹೋಲಿಸಿ ನೋಡಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮಕ್ಕಳ ಸ್ವನಿಯಂತ್ರಣ ಹೆಚ್ಚಿತು. ಹಿಂಸೆಯನ್ನು ಕಂಡು ಬೆಳೆದ ಗಂಡುಮಕ್ಕಳಲ್ಲಿ ಕೀಟಲೆ, ಸಿಟ್ಟು ಗಮನಾರ್ಹವಾಗಿ ಇಳಿದವು. ಅದೇ ಅಧ್ಯಯನ ಇನ್ನೊಂದು ಕಹಿ ಸತ್ಯವನ್ನೂ ಹೇಳಿತು: ಬಡವರಿಗೆಂದೇ ಇದ್ದ ಆ ಕಾರ್ಯಕ್ರಮಕ್ಕೆ ಬಂದವರಲ್ಲಿ ಕಡುಬಡವರ ಮಕ್ಕಳು ನಿರೀಕ್ಷೆಗಿಂತ ಬಹಳ ಕಡಿಮೆ ಇದ್ದರು. ಮೇಷ್ಟ್ರು ಹೇಳಿದ ಭಾನುವಾರದ ಬೆಳಗಿನ ಮಾತು ಇದೇ ಅಲ್ಲವೇ?

ಷಿಕಾಗೋ ನಗರದಲ್ಲಿ ಬಿಕಮಿಂಗ್ ಎ ಮ್ಯಾನ್ ಎಂಬ ಕಾರ್ಯಕ್ರಮವಿದೆ. ಅದು ಕಲೆಯ ತರಬೇತಿಯಲ್ಲ, ಆದರೆ ಅಲ್ಲಿನ ಅಭ್ಯಾಸಗಳನ್ನು ನೋಡಿದರೆ ನಮ್ಮ ರಂಗತರಬೇತಿಯ ಆಟಗಳೇ ನೆನಪಾಗುತ್ತವೆ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬನ ಮುಷ್ಟಿಯಲ್ಲಿ ಚೆಂಡು ಕೊಟ್ಟು, ಅರ್ಧ ನಿಮಿಷದೊಳಗೆ ಅದನ್ನು ತೆಗೆದುಕೋ ಎಂದು ಇನ್ನೊಬ್ಬನಿಗೆ ಹೇಳುತ್ತಾರೆ. ಬಹುತೇಕ ಎಲ್ಲರೂ ಎಳೆದಾಡಿ, ತಿರುಚಿ, ಗುದ್ದಾಡುತ್ತಾರೆ. "ದಯವಿಟ್ಟು ಕೊಡುತ್ತೀಯಾ ಎಂದು ಏಕೆ ಕೇಳಲಿಲ್ಲ?" ಎಂದು ಆಮೇಲೆ ಪ್ರಶ್ನಿಸಿದಾಗ ಹುಡುಗರಿಗೆ ಗಲಿಬಿಲಿಯಾಗುತ್ತದೆ. ಕೇಳಿದ್ದರೆ ಎದುರಿನವನು ಕೊಟ್ಟೂ ಬಿಡುತ್ತಿದ್ದ. ಆ ಕಾರ್ಯಕ್ರಮ ನಡೆಯುತ್ತಿದ್ದಾಗ ಹಿಂಸಾತ್ಮಕ ಅಪರಾಧಗಳಿಗಾಗಿ ಆಗುವ ಬಂಧನಗಳು ಶೇಕಡ 45ರಿಂದ 50ರಷ್ಟು ಇಳಿದವು. ಕಾರ್ಯಕ್ರಮ ನಿಂತ ಮೇಲೆ ಬಂಧನಗಳ ಮೇಲಿನ ಪರಿಣಾಮ ಉಳಿಯಲಿಲ್ಲ. ಆದ್ದರಿಂದ ನಿಲ್ಲಿಸದೆ ನಡೆಸುವ ಶಕ್ತಿ ಇದೆಯೇ ಎಂದು ನೀವು ಮೊದಲು ನೋಡಿಕೊಳ್ಳಬೇಕು.

ಉರುಮೆ ಬಳಗ, ಹಿರಿಯೂರು

ನಾನು ತಮಟೆ ಮತ್ತು ಉರುಮೆ ಕಲಿಸುತ್ತೇನೆ. ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ತಮಟೆ ಕೈಗೆ ಬಂದ ತಕ್ಷಣ ಯಾವ ಹುಡುಗನೂ ಬದಲಾಗುವುದಿಲ್ಲ. ಮೊದಲ ವಾರ ಅವನು ಅದನ್ನೂ ಸಿಟ್ಟಿನಿಂದಲೇ ಬಡಿಯುತ್ತಾನೆ, ಪಕ್ಕದವನಿಗಿಂತ ಜೋರಾಗಿ ಕೇಳಿಸಬೇಕೆಂದು ಬಡಿಯುತ್ತಾನೆ. ನಾನು ತಡೆಯುವುದಿಲ್ಲ. ಎರಡನೆಯ ವಾರ ಗತ್ತು, ಅಂದರೆ ಎಲ್ಲರೂ ಕೂಡಿ ಬಡಿಯುವ ತಾಳದ ವರಸೆ, ಕಟ್ಟಲು ಶುರು ಮಾಡಿದಾಗ, ಪಕ್ಕದವನ ಪೆಟ್ಟು ಕೇಳಿಸಿಕೊಳ್ಳದೆ ತನ್ನ ಪೆಟ್ಟು ಹಾಕಿದರೆ ಇಡೀ ಮೇಳ ಕೆಡುತ್ತದೆಂದು ಅವನಿಗೇ ತಿಳಿಯುತ್ತದೆ. ಆಗ ಉಳಿದ ಹುಡುಗರೇ ಅವನನ್ನು ತಿದ್ದುತ್ತಾರೆ, ನಾನು ಬಾಯಿ ತೆರೆಯಬೇಕಾಗಿಲ್ಲ.

ಎರಡು ಓಣಿಯವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವ ಅವಸರ ಮಾಡಬೇಡಿ. ಮೊದಲು ಬೇರೆ ಬೇರೆ ದಿನ ಕಲಿಸಿ. ಇಬ್ಬರಿಗೂ ಅದೇ ಗತ್ತು ಬಂದ ಮೇಲೆ ಒಂದು ದಿನ ಕೂಡಿಸಿ. ಬೆಂಕಿ ಹಾಕಿ ತಮಟೆ ಕಾಯಿಸುವ ಕೆಲಸವನ್ನು ಆ ದಿನ ಎರಡೂ ಕಡೆಯ ಹುಡುಗರಿಗೆ ಒಟ್ಟಿಗೆ ಒಪ್ಪಿಸಿ. ಈಗ ಫೈಬರ್ ತಮಟೆ ಬಂದಿದೆ, ಕಾಯಿಸುವ ಗೋಜಿಲ್ಲ ಎನ್ನುವವರಿದ್ದಾರೆ. ಆದರೆ ಬೆಂಕಿಯ ಸುತ್ತ ಕೂತು ಕಾಯುವ ಆ ಹೊತ್ತಿನಲ್ಲೇ ಹುಡುಗರು ಬಾಯಿ ಬಿಟ್ಟು ಮಾತಾಡುವುದು, ಅದನ್ನು ಕಳೆದುಕೊಳ್ಳಬಾರದು.

ಮೊಳಕಾಲ್ಮೂರು ಪದವೀಧರ

ಅಣ್ಣನ ಅನುಭವಕ್ಕೆ ಗೌರವವಿದೆ. ಆದರೆ ಎಲ್ಲರೂ ತಪ್ಪಿಸಿಕೊಂಡು ಹೋಗುತ್ತಿರುವ ಒಂದು ವಿಷಯವನ್ನು ಕೇಳಲೇಬೇಕು. ನಮ್ಮ ಕೇರಿಯ ಹಿರಿಯರು ತಮಟೆಯನ್ನು ಇಷ್ಟಪಟ್ಟು ಬಡಿದವರಲ್ಲ. ಊರಿನ ಜಾತ್ರೆಗೆ, ಸಾವಿಗೆ, ಡಂಗುರಕ್ಕೆ ಬಡಿಯಲೇಬೇಕೆಂಬ ಕಟ್ಟಳೆಯಿತ್ತು, ಬಡಿಯದಿದ್ದರೆ ಬಹಿಷ್ಕಾರವಿತ್ತು. ಅದರಿಂದ ಬಿಡಿಸಿಕೊಂಡು ಮಕ್ಕಳನ್ನು ಓದಿಸಿದ ತಂದೆಗೆ, ಶಾಲೆಯವರೇ ಬಂದು ನಿಮ್ಮ ಮಗನಿಗೆ ತಮಟೆ ಕಲಿಸುತ್ತೇವೆ ಎಂದರೆ ಹೇಗಾಗುತ್ತದೆ? ದಾರಿ ತಪ್ಪಿದ ಹುಡುಗರ ಪಟ್ಟಿ ಮಾಡುವಾಗ ಯಾವ ಕೇರಿಯ ಹೆಸರುಗಳು ಮೊದಲು ಬರುತ್ತವೆ ಎಂಬುದನ್ನೂ ದಯವಿಟ್ಟು ಯೋಚಿಸಿ. ಕಾರಿನಲ್ಲಿ ಬಂದು ಹೊಡೆದಾಡುವ ಹುಡುಗರಿಗೆ ಈ ಊರಿನಲ್ಲಿ ಯಾರೂ ತರಬೇತಿ ಇಟ್ಟದ್ದನ್ನು ನಾನು ಕಂಡಿಲ್ಲ.

ಉರುಮೆ ಬಳಗ, ಹಿರಿಯೂರು

ತಮ್ಮಾ, ನಿನ್ನ ಮಾತು ಸತ್ಯ. ನಾನೂ ಅದೇ ಕೇರಿಯಿಂದ ಬಂದವನು, ನನ್ನ ತಂದೆ ಕೊನೆಯವರೆಗೂ ನನ್ನ ಕೈಯಲ್ಲಿ ತಮಟೆ ನೋಡಲು ಒಪ್ಪಲಿಲ್ಲ. ನಾನು ಇಟ್ಟುಕೊಂಡ ನಿಯಮ ಒಂದಿದೆ: ಎಲ್ಲ ಜಾತಿಯ ಹುಡುಗರೂ ತಮಟೆ ಹಿಡಿಯುವುದಾದರೆ ಮಾತ್ರ ಕಲಿಸುತ್ತೇನೆ, ಇಲ್ಲವಾದರೆ ಆ ಊರಿಗೆ ಹೋಗುವುದಿಲ್ಲ. ನಮ್ಮ ಹುಡುಗ ಬಡಿದು ಉಳಿದವರು ಕುಣಿಯುವುದಾದರೆ ಅದು ಹಳೆಯ ಕಟ್ಟಳೆಯೇ.

ಮೊಳಕಾಲ್ಮೂರು ಪದವೀಧರ

ಆ ನಿಯಮವನ್ನು ಮೊದಲ ದಿನವೇ ಎಲ್ಲರ ಎದುರು ಹೇಳುವುದಾದರೆ ನನ್ನ ತಕರಾರಿಲ್ಲ.

ರಂಗಸಜ್ಜಿಕೆ, ಹೊಸದುರ್ಗ

ಇದೇ ಕಾರಣಕ್ಕೆ ನಾನು ನಾಟಕದಿಂದ ಆರಂಭಿಸಿ ಎನ್ನುತ್ತೇನೆ. ಡೊಳ್ಳು, ವೀರಗಾಸೆ, ನಂದಿಕೋಲು, ತಮಟೆ ಪ್ರತಿಯೊಂದಕ್ಕೂ ಊರಿನಲ್ಲಿ ಇಂಥವರದು ಎಂಬ ಗುರುತಿದೆ. ಬೀದಿನಾಟಕಕ್ಕೆ ಅಂಥ ವಾರಸುದಾರರಿಲ್ಲ. ನಮ್ಮ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಕಟ್ಟಿದ ಶ್ರೀ ಶಿವಕುಮಾರ ಕಲಾಸಂಘವನ್ನು ನೋಡಿ. 1997ರಲ್ಲಿ ಆರಂಭವಾದ ಅದರ ತಿರುಗಾಟದ ನಾಟಕ ತಂಡ ಶಿವಸಂಚಾರ ಪ್ರತಿ ವರ್ಷ ಹೊಸ ನಾಟಕಗಳನ್ನು ಕಟ್ಟಿಕೊಂಡು ರಾಜ್ಯವೆಲ್ಲ ಸುತ್ತುತ್ತದೆ. ಹಳ್ಳಿಯ ಸಾಧಾರಣ ಮನೆಗಳ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಒಟ್ಟಿಗೆ ಇದ್ದು, ಒಂದೇ ಪಂಕ್ತಿಯಲ್ಲಿ ಉಂಡು, ರಂಗಸಜ್ಜಿಕೆ ತಾವೇ ಹೊತ್ತು, ತಾವೇ ಕಟ್ಟಿ, ಆಡಿ, ಬಿಚ್ಚುತ್ತಾರೆ. ಮೈಸೂರು ರಂಗಾಯಣದಲ್ಲಿದ್ದ ಹುಲುಗಪ್ಪ ಕಟ್ಟಿಮನಿಯವರು ಜೈಲಿನ ಕೈದಿಗಳಿಂದಲೇ ನಾಟಕ ಆಡಿಸಿದ್ದು ಅನೇಕರಿಗೆ ಗೊತ್ತಿದೆ. ಕೊಲೆ ಮಾಡಿ ಒಳಗೆ ಬಂದವರು ರಂಗದ ಮೇಲೆ ಇನ್ನೊಬ್ಬರ ನೋವನ್ನು ಆಡಿ ತೋರಿಸಿದರು. ಅವರು ವಯಸ್ಕರು, ಅಪರಾಧ ನಡೆದುಹೋದ ಮೇಲಿನ ಕೆಲಸ ಅದು. ನಮ್ಮ ಹುಡುಗರ ವಿಷಯದಲ್ಲಿ ಇನ್ನೂ ಏನೂ ಕೈಮೀರಿಲ್ಲ ಎಂಬುದನ್ನು ನೆನೆದರೆ ನನಗೆ ಧೈರ್ಯ ಬರುತ್ತದೆ.

ನಾಟಕ ಹುಡುಗನ ಮೇಲೆ ಹೇಗೆ ಕೆಲಸ ಮಾಡುತ್ತದೆಂದು ಹೇಳುತ್ತೇನೆ. ಒಂದು ಜಗಳದ ದೃಶ್ಯ ಕೊಟ್ಟು, ಹೊಡೆಯುವವನ ಪಾತ್ರ ಮಾಡಿದವನಿಗೆ ಮರುದಿನ ಹೊಡೆಸಿಕೊಂಡವನ ತಾಯಿಯ ಪಾತ್ರ ಕೊಡುತ್ತೇವೆ. ಆಸ್ಪತ್ರೆಯ ಹೊರಗೆ ಕೂತು ಯಾರಿಗೆ ಫೋನ್ ಮಾಡಬೇಕೆಂದು ತೋಚದ ತಾಯಿ. ಮೊದಲು ನಗುತ್ತಾರೆ, ಹೆಣ್ಣಿನ ದನಿ ಮಾಡಿ ಕುಣಿಯುತ್ತಾರೆ. ನಗು ತಾನಾಗಿಯೇ ನಿಲ್ಲುವ ತನಕ ಕಾಯಬೇಕು, ಗದರಬಾರದು. ಅದೇ ದೃಶ್ಯವನ್ನು ಜಗಳ ಆರಂಭವಾಗುವ ಜಾಗದಲ್ಲಿ ತಡೆದು, "ಇಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ, ಬಂದು ಆಡಿ ತೋರಿಸು" ಎಂದು ನೋಡುತ್ತಾ ಕೂತವರನ್ನು ಕರೆಯಬೇಕು. ಮರ್ಯಾದೆ ಕಳೆದುಕೊಳ್ಳದೆ ಹಿಂದೆ ಸರಿಯುವ ಹತ್ತು ದಾರಿಗಳನ್ನು ಅವರೇ ಹುಡುಕುತ್ತಾರೆ. ಬೀದಿಯಲ್ಲಿ ಅವರಿಗೆ ಆ ಅಭ್ಯಾಸ ಮಾಡಿಸುವವರಿಲ್ಲ, ಅಲ್ಲಿ ಎಲ್ಲರೂ "ಬಿಡಬೇಡ" ಎಂದೇ ಕೂಗುತ್ತಿರುತ್ತಾರೆ.

ಗರಡಿ ಮನೆ

ನಾಟಕವೇ ಏಕೆ? ದಾವಣಗೆರೆ ಪೈಲ್ವಾನರ ಊರು. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಹೊರ ಜಿಲ್ಲೆಗಳಿಂದ ಜನ ಬರುತ್ತಾರೆ. ಗರಡಿಗೆ ಬಂದ ಹುಡುಗ ಬೆಳಗಿನ ಜಾವ ಎದ್ದು ಮಟ್ಟಿ ಅಗೆದು, ಸಾಮು ಮಾಡಿ, ಉಸ್ತಾದರ ಕಾಲು ಮುಟ್ಟಿ, ಕೆಡವಿದವನನ್ನೇ ಕೈಹಿಡಿದು ಎಬ್ಬಿಸುತ್ತಾನೆ. ಬೀಡಿ, ಗುಟ್ಕಾ ಮುಟ್ಟಿದರೆ ಹೊರಗೆ. ಇದಕ್ಕಿಂತ ದೊಡ್ಡ ಶಿಸ್ತು ಯಾವ ನಾಟಕದಲ್ಲಿದೆ?

ರಂಗಸಜ್ಜಿಕೆ, ಹೊಸದುರ್ಗ

ಉಸ್ತಾದರ ಕಣ್ಣು ಇರುವ ಗರಡಿ ನಿಜಕ್ಕೂ ದೊಡ್ಡದು, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ತೆಳ್ಳಗಿರುವ ಹುಡುಗ, ಮಾತು ತೊದಲುವವನು, ಸದಾ ಗುಂಪಿನ ಹಿಂದೆ ನಿಂತು ಕಲ್ಲು ಎತ್ತಿ ಕೊಡುವವನು ಗರಡಿಗೆ ಬರುವುದಿಲ್ಲ. ನಾಟಕದಲ್ಲಿ ದೀಪ ಹಿಡಿಯುವವನೂ ಬೇಕು, ಪರದೆ ಎಳೆಯುವವನೂ ಬೇಕು, ಬಣ್ಣ ಬಳಿಯುವವನೂ ಬೇಕು. ದಾವಣಗೆರೆ ಪೈಲ್ವಾನರ ಊರು ಹೇಗೋ ಕಂಪನಿ ನಾಟಕದ ಊರೂ ಹಾಗೆಯೇ. ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಕಂಪನಿಯಲ್ಲಿ ಕೈಗೆ ಸಿಕ್ಕ ಹುಡುಗನನ್ನು ಯಾವುದಕ್ಕೂ ಬಾರದವನೆಂದು ಹೊರಗೆ ಕಳುಹಿಸುತ್ತಿರಲಿಲ್ಲ, ಗೇಟಿನಲ್ಲಾದರೂ ನಿಲ್ಲಿಸಿ ಅನ್ನ ಹಾಕುತ್ತಿದ್ದರು.

ಚಳ್ಳಕೆರೆ ಮೇಷ್ಟ್ರು

ಗರಡಿಯಲ್ಲಾಗಲಿ ನಾಟಕದಲ್ಲಾಗಲಿ ಉಸ್ತಾದರೇ ಮುಖ್ಯ ಎಂಬುದನ್ನು ಇಬ್ಬರೂ ಒಪ್ಪಿದಂತಾಯಿತು. "ನಿನ್ನೆ ಏಕೆ ಬರಲಿಲ್ಲ?" ಎಂದು ಮನೆಗೆ ಹೋಗಿ ಕೇಳುವ ಒಬ್ಬ ದೊಡ್ಡವರು ಇಲ್ಲದಿದ್ದರೆ ಎರಡೂ ನಡೆಯುವುದಿಲ್ಲ.

ಎರಡು ಹೆಣ್ಣುಮಕ್ಕಳ ತಾಯಿ

ಇಷ್ಟು ಹೊತ್ತು ಓದಿದೆ, ಎಲ್ಲರೂ ಹುಡುಗರ ಬಗ್ಗೆಯೇ ಬರೆದಿದ್ದೀರಿ. ಈ ಜಗಳಗಳಲ್ಲಿ ಅರ್ಧಕ್ಕರ್ಧ ಯಾವುದೋ ಹುಡುಗಿಯನ್ನು ನೋಡಿದ, ಹಿಂಬಾಲಿಸಿದ, ಮಾತಾಡಿಸಿದ ನೆಪದಿಂದಲೇ ಹತ್ತಿಕೊಳ್ಳುತ್ತವೆ. ಆ ಹುಡುಗಿಯ ಮಾತನ್ನು ಯಾರೂ ಕೇಳುವುದಿಲ್ಲ, ಮರುದಿನದಿಂದ ಅವಳ ಶಾಲೆ ಬಿಡಿಸುತ್ತಾರೆ. ನಾಟಕದಲ್ಲಿ ತಾಯಿಯ ಪಾತ್ರವನ್ನು ಹುಡುಗನಿಗೆ ಕೊಡುವುದು ಒಳ್ಳೆಯದೇ, ಆದರೆ ಅದೇ ಕೊಠಡಿಯಲ್ಲಿ ಹುಡುಗಿಯರೂ ಇದ್ದು ತಮ್ಮ ಮಾತನ್ನು ತಾವೇ ಆಡಿದರೆ ಅದರ ತೂಕ ಬೇರೆ. ಸಂಜೆ ಏಳರ ಮೇಲೆ ತರಬೇತಿ ಇಟ್ಟರೆ ನಾವು ಹೆಣ್ಣುಮಕ್ಕಳನ್ನು ಕಳುಹಿಸುವುದಿಲ್ಲ, ಕಳುಹಿಸುವಂಥ ಬೀದಿಗಳೂ ನಮ್ಮವಲ್ಲ. ಇದಕ್ಕೊಂದು ವ್ಯವಸ್ಥೆ ಮೊದಲೇ ಮಾಡಿ.

ತುಂಗಭದ್ರೆ ದಡ, ಹರಿಹರ

ಅಕ್ಕ ಹೇಳಿದ್ದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸುತ್ತೇನೆ. ಜಗಳಗಂಟ ಹುಡುಗರನ್ನಷ್ಟೇ ಆರಿಸಿ ಒಂದು ಕೊಠಡಿಯಲ್ಲಿ ಕೂರಿಸಿದರೆ ಅವರು ಒಬ್ಬರಿಂದೊಬ್ಬರು ಕಲಿಯುವುದೂ ಜಗಳವನ್ನೇ ಎಂದು ಅಮೆರಿಕದ ಅಧ್ಯಯನಗಳು 1990ರ ದಶಕದಲ್ಲಿಯೇ ಎಚ್ಚರಿಸಿವೆ. ಓದುವವರು, ಓದದವರು, ಹುಡುಗರು, ಹುಡುಗಿಯರು ಎಲ್ಲರೂ ಕಲೆತಿರಬೇಕು. ಗುಂಪಿನ ನಾಯಕರನ್ನು ಮಾತ್ರ ಹೆಸರು ಹಿಡಿದು ಕರೆದು ತರಬೇಕು, ಉಳಿದಂತೆ ಬಾಗಿಲು ಎಲ್ಲರಿಗೂ ತೆರೆದಿರಬೇಕು.

ಕೆಳಗೋಟೆ

ನನ್ನ ತಮ್ಮ ಅಂಥದೇ ಗುಂಪಿನಲ್ಲಿದ್ದ, ಆದುದರಿಂದ ಬರೆಯುತ್ತಿದ್ದೇನೆ. ಅವನನ್ನು ಬದಲಾಯಿಸಿದ್ದು ಚಿತ್ರಕಲೆ ಎಂದು ಅಮ್ಮ ಹೇಳುತ್ತಾರೆ. ನಾನು ಕಂಡದ್ದು ಸ್ವಲ್ಪ ಬೇರೆ. ಅವನು ಗ್ಯಾರೇಜಿನಲ್ಲಿ ಲಾರಿಗಳ ಹಿಂದೆ ಅಕ್ಷರ ಬರೆಯುವವರ ಕೈಕೆಳಗೆ ನಿಲ್ಲುತ್ತಿದ್ದ. ಊರಿನ ಚಿತ್ರ ಕಲಾವಿದರೊಬ್ಬರು ಅದನ್ನು ನೋಡಿ, ಸರ್ಕಾರಿ ಕಚೇರಿಯೊಂದರ ಕಾಂಪೌಂಡ್ ಗೋಡೆಗೆ ಕೋಟೆಯ ಚಿತ್ರ ಬರೆಯಲು ಕರೆದೊಯ್ದರು. ಮೊದಲ ದಿನವೇ ಹುಡುಗರನ್ನು ಕೂರಿಸಿ ಉಪದೇಶ ಮಾಡಲಿಲ್ಲ. ಕೆಲಸಕ್ಕೆ ಕೂಲಿ ಕೊಟ್ಟರು, ಮಧ್ಯಾಹ್ನ ಒಟ್ಟಿಗೆ ಊಟ ಮಾಡಿದರು. ಅವನು ಬರೆದ ಮೂಲೆ ಸರಿಯಾಗದಿದ್ದಾಗ ಅಳಿಸಿ ಮತ್ತೆ ಬರೆಯಲು ಹೇಳಿದರು. ಗುಂಪಿನವರು ಬಂದು ಕರೆದರೆ "ಗೋಡೆ ಕೆಲಸ ಇದೆ" ಎಂದು ಹೇಳಲು ಅವನಿಗೆ ಒಂದು ಕಾರಣ ಸಿಕ್ಕಿತು. ಹೊಡೆದಾಟಕ್ಕೆ ಬರುವುದಿಲ್ಲ ಎಂದು ನೇರವಾಗಿ ಹೇಳಿದ್ದರೆ ಅವನನ್ನು ಹೇಡಿ ಎನ್ನುತ್ತಿದ್ದರು, ಕೆಲಸವಿದೆ ಎಂದರೆ ಯಾರೂ ಏನೂ ಅನ್ನುವಂತಿರಲಿಲ್ಲ.

ಕೂಲಿಯ ವಿಷಯವನ್ನು ಒತ್ತಿ ಹೇಳುತ್ತೇನೆ. ದಿನಗೂಲಿಗೆ ಹೋಗುವ ಹುಡುಗನನ್ನು ಬರಿಗೈಯಲ್ಲಿ ಕೂರಿಸಿದರೆ ಮನೆಯವರು ಎರಡು ದಿನಕ್ಕಿಂತ ಹೆಚ್ಚು ಬಿಡುವುದಿಲ್ಲ. ಕೊಡಲು ಹಣವಿಲ್ಲದಿದ್ದರೆ ಹೊಟ್ಟೆಗಾದರೂ ಹಾಕಿ. ಕೆಲಸದಿಂದ ನೇರವಾಗಿ ಹಸಿದು ಬಂದವನಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಒಂದು ಲೋಟ ಚಹಾ ಸಿಕ್ಕರೆ ಅವನು ಕೂರುತ್ತಾನೆ.

ಅರಿವು ಕೇಂದ್ರ, ಹೊಳಲ್ಕೆರೆ ತಾಲ್ಲೂಕು

ಹಣದ ಬಗ್ಗೆ ಒಂದು ಸಲಹೆ. ಚಿತ್ರದುರ್ಗದಂಥ ಗಣಿ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಅದರ ಬಹುಪಾಲನ್ನು ಗಣಿಬಾಧಿತ ಪ್ರದೇಶಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆಯರ ಮತ್ತು ಮಕ್ಕಳ ಕಲ್ಯಾಣ ಮುಂತಾದ ಆದ್ಯತೆಯ ಕೆಲಸಗಳಿಗೆ ಬಳಸಬೇಕೆಂಬ ನಿಯಮವಿದೆ. ಗ್ರಾಮಸಭೆಯಲ್ಲಿ ಕೇಳಿದರೆ ಅಲ್ಲಿನ ಹಳ್ಳಿಗಳಿಗೆ ದಾರಿಯಾಗಬಹುದು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಸಂಜೆ ಹೊತ್ತು ಜಾಗಕ್ಕೆ ಕೊರತೆಯಿಲ್ಲ. ದಾವಣಗೆರೆ ನಗರದಲ್ಲಿ ದೃಶ್ಯಕಲಾ ಮಹಾವಿದ್ಯಾಲಯವಿದೆ. ಗೋಡೆ ಚಿತ್ರಕ್ಕೆ ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ ನೋಡಿ, ಹುಡುಗರು ಇಪ್ಪತ್ತರ ವಯಸ್ಸಿನವರ ಮಾತನ್ನು ನಮ್ಮ ಮಾತಿಗಿಂತ ಬೇಗ ಕೇಳುತ್ತಾರೆ.

ಮಂಡಿಪೇಟೆ ವರ್ತಕ

ಎಲ್ಲರ ಬರಹವನ್ನೂ ಗಮನವಿಟ್ಟು ಓದಿದೆ. ಜೈಲು ತೋರಿಸುವ ಮಾತನ್ನು ಬಿಡೋಣ. ಸಂಜೆಯ ಮಂಡಕ್ಕಿ, ಚಹಾದ ಖರ್ಚನ್ನು ನಮ್ಮ ಸಾಲಿನ ಅಂಗಡಿಯವರು ಸೇರಿ ಕೊಡಬಹುದು, ನಾನೇ ಕೇಳುತ್ತೇನೆ. ಆದರೆ ನನ್ನ ಒಂದು ಪ್ರಶ್ನೆ ಉಳಿದೇ ಇದೆ. ಆ ಕೊಠಡಿಯಲ್ಲೇ ಹೊಡೆದಾಟವಾದರೆ ಜವಾಬ್ದಾರಿ ಯಾರದು? ಕಲಿಸಲು ಬಂದವರು ಮಧ್ಯೆ ಸಿಕ್ಕಿ ಪೆಟ್ಟು ತಿಂದರೆ ಏನು ಮಾಡುತ್ತೀರಿ? ಇದನ್ನು ಮೊದಲೇ ತೀರ್ಮಾನಿಸದೆ ಬೀಗ ತೆಗೆಯಬೇಡಿ.

ರಂಗಸಜ್ಜಿಕೆ, ಹೊಸದುರ್ಗ

ನ್ಯಾಯವಾದ ಪ್ರಶ್ನೆ. ಒಬ್ಬರೇ ಕಲಿಸಬಾರದು, ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಅವರಲ್ಲಿ ಒಬ್ಬರು ಎರಡೂ ಓಣಿಗಳಿಗೆ ಬೇಕಾದವರಾಗಿರಬೇಕು. ಹೊಡೆದಾಟವಾದರೆ ಆ ದಿನದ ತಾಲೀಮು ಅಲ್ಲಿಗೇ ನಿಲ್ಲುತ್ತದೆ. ಆದರೆ ಯಾರನ್ನೂ ಶಾಶ್ವತವಾಗಿ ಹೊರಗೆ ಹಾಕುವುದಿಲ್ಲ ಎಂಬ ಮಾತನ್ನು ಹುಡುಗರಿಗೆ ಮೊದಲೇ ಕೊಟ್ಟಿರಬೇಕು. ಹೊರಗೆ ಹಾಕಿಸಿಕೊಂಡು ಅವರಿಗೆ ಅಭ್ಯಾಸವಿದೆ. ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ನೋಡಲೆಂದೇ ಕೆಲವರು ಗಲಾಟೆ ಮಾಡುತ್ತಾರೆ.

ಗಿರಣಿ ಓಣಿ, ದಾವಣಗೆರೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮುಂದಿನ ಸಭೆಯಲ್ಲಿ ಇಡಬೇಕಾದದ್ದು ನನಗೆ ಸ್ಪಷ್ಟವಾಗಿದೆ. ಐದರಿಂದ ಆರೂವರೆಯವರೆಗೆ ಹುಡುಗಿಯರೂ ಬರುವಂತೆ ಒಂದು ತಂಡ, ಕೆಲಸದಿಂದ ಬರುವ ಹುಡುಗರಿಗೆ ಏಳರ ನಂತರ ಇನ್ನೊಂದು ತಂಡ, ತಿಂಗಳಿಗೊಮ್ಮೆ ರಜೆಯ ದಿನ ಹಗಲು ಹೊತ್ತಿನಲ್ಲಿ ಎರಡೂ ಕೂಡಿ ತಾಲೀಮು. ಮೊದಲು ನಾಟಕ ಮತ್ತು ಗೋಡೆ ಚಿತ್ರ. ತಮಟೆಯನ್ನು ಹಿರಿಯೂರಿನ ಅಣ್ಣ ಹೇಳಿದ ನಿಯಮಕ್ಕೆ ಎಲ್ಲ ಮನೆಯವರೂ ಒಪ್ಪಿದ ಮೇಲೆ ತರುತ್ತೇವೆ. ಒಂದು ವರ್ಷ ನಡೆಸುವಷ್ಟು ಜನ, ಹಣ ಕೂಡಿದ ಮೇಲೆಯೇ ಆರಂಭಿಸಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ, ನಡುವೆ ಬಿಟ್ಟುಹೋಗುವುದಾದರೆ ಶುರು ಮಾಡುವುದೇ ಬೇಡ. ಗುಂಪಿನ ಇಬ್ಬರು ನಾಯಕರ ಮನೆಗೆ ಯಾರು ಹೋಗಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅವರಲ್ಲೊಬ್ಬನ ತಾಯಿ ನನಗೆ ಪರಿಚಯ, ಅವರನ್ನು ನಾನೇ ಮಾತಾಡಿಸುತ್ತೇನೆ.

ಕಾನೂನಿನ ಅಕ್ಕ, ಚಿತ್ರದುರ್ಗ

ಹೋಗುವಾಗ ಒಂದು ವಿಷಯ ನೆನಪಿರಲಿ. ನಾಟಕದ ದಿನ ಪತ್ರಿಕೆಯವರು ಬರುತ್ತಾರೆ, ನಮ್ಮವರೇ ವಾಟ್ಸಪ್ಪಿಗೆ ಫೋಟೊ ಹಾಕುತ್ತಾರೆ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸುವಂತಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅದಕ್ಕೆ ಆರು ತಿಂಗಳವರೆಗೆ ಸಜೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಬ್ಯಾನರಿನಲ್ಲಿ ನಾಟಕದ ಹೆಸರು, ಜಾಗ, ಸಮಯ ಹಾಕಿಸಿ. "ದಾರಿ ತಪ್ಪಿದ ಮಕ್ಕಳಿಂದ" ಎಂಬ ಸಾಲನ್ನು ಯಾರು ಬರೆಸಲು ಬಂದರೂ ಬಿಡಬೇಡಿ. ಪಾಲಕರ ಒಪ್ಪಿಗೆ ಪತ್ರದ ಕರಡನ್ನು ನಾನು ಬರೆದು ಕಳುಹಿಸುತ್ತೇನೆ, ಸಭೆಯ ದಿನಾಂಕ ಮಾತ್ರ ತಿಳಿಸಿ.